ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಯುದ್ಧ ಮುಗದ ಮ್ಯಾಲ ದೇಶ ಕಟ್ಟೋದು ಹೆಂಗ?

ಹೋದ ಸಂಚಿಕೆದಾಗ ಉಕ್ರೇನ್ ಬಗ್ಗೆ ಬರದಿದ್ದಕ್ಕ ಬಾಗಲಕೋಟಿ, ಬೆಳಗಾವಿ ಕಡಿಯಿಂದ ಭಾಳ ಪತ್ರ ಬಂದಾವು. ಎಲ್ಲಾಕ್ಕೂ ಜಾಗ ಸಾಲಂಗಿಲ್ಲ, ಐದು ಪ್ರಶ್ನೆ ತಗೊಂಡೀನಿ.

ಮುಧೋಳದ ಪಿಯುಸಿ ವಿದ್ಯಾರ್ಥಿ: ಸರ್, ಉಕ್ರೇನ್‌ದಾಗ ಬಾಂಬ್ ಬೀಳಾಕತ್ತಿದ್ದಾಗ್ಲೇ 2022ರ ಜುಲೈದಾಗ ಸ್ವಿಟ್ಜರ್ಲೆಂಡ್‌ನ ಲುಗಾನೊದಾಗ ಪುನರ್ನಿರ್ಮಾಣದ ಮೀಟಿಂಗ್ ಮಾಡಿದ್ರಂತ ಓದಿದೆ. ಮದಲ ಯುದ್ಧ ನಿಲ್ಲಬೇಕಲ್ರಿ, ಆಮ್ಯಾಲ ಕಟ್ಟೋದು?

ತಮ್ಮಾ, ಯುದ್ಧ ನಿಂತ ಮರುದಿನ ಮುಂಜಾನೆನ ಮಂದಿಗೆ ನೀರು ಬೇಕು, ಕರೆಂಟು ಬೇಕು, ರೇಷನ್ ಬೇಕು, ಮಾಸ್ತರಿಗೆ ಪಗಾರ ಬೇಕು, ಅವತ್ತು ಕಾಗದ ಪೆನ್ನು ಹಿಡಕೊಂಡು ಕುಂತ್ರ ತಡ ಆಗಿ ಹೋಗಿರ್ತದ. ಎರಡನೇ ಮಹಾಯುದ್ಧದಾಗೂ ಹಂಗ ಮಾಡ್ಯಾರ. 1943ರ ನವೆಂಬರ್‌ದಾಗ 44 ದೇಶ ವಾಷಿಂಗ್ಟನ್‌ದಾಗ ಕೂಡಿ ನಿರಾಶ್ರಿತರಿಗೆ ಅನ್ನ, ಔಷಧ ಮುಟ್ಟಸಾಕ ಉನ್ರಾ ಅನ್ನೋ ಸಂಸ್ಥೆ ಮಾಡಿದ್ವು, ವಿಶ್ವಬ್ಯಾಂಕಿನ ಮಾತುಕತಿ ಬ್ರೆಟನ್ ವುಡ್ಸ್‌ದಾಗ ಆಗಿದ್ದು 1944ರ ಜುಲೈದಾಗ. ಹಿಟ್ಲರ್ ಆಗಿನ್ನೂ ಅಧಿಕಾರದಾಗ ಇದ್ದ.

ಪೋಲೆಂಡಿನ ರಾಜಧಾನಿ ವಾರ್ಸಾ ಊರಿನ ಕಥಿ ನೀ ಓದಲೇಬೇಕು. ಅಲ್ಲಿ ಪಾಲಿಟೆಕ್ನಿಕ್‌ನ ಆರ್ಕಿಟೆಕ್ಚರ್ ಪ್ರೊಫೆಸರ್‌ಗಳು ಯುದ್ಧಕ್ಕಿಂತ ಮದಲ ಹಳೇ ಕಟ್ಟಡಗಳ ಅಳತಿ ತಗೊಂಡು ಡ್ರಾಯಿಂಗ್ ಮಾಡಿ ಇಟ್ಟಿದ್ರು. 1944ರಾಗ ಊರವರು ಜರ್ಮನ್ನರ ವಿರುದ್ಧ ದಂಗೆ ಎದ್ದ ಮ್ಯಾಲ ಜರ್ಮನ್ ಸೈನ್ಯ ಊರು ಖಾಲಿ ಮಾಡಿಸಿ ಓಣಿ ಓಣಿಗೆ ಡೈನಮೈಟ್ ಇಟ್ಟು ಸುಡಾಕ ಹತ್ತಿದಾಗ ಆ ಡ್ರಾಯಿಂಗ್‌ಗಳನ್ನ ಕದ್ದು ಹೊರಗ ಸಾಗಿಸಿ ಪಿಯೋತ್ರ್‌ಕೂವ್ ಅನ್ನೋ ಊರಿನ ಮಠದಾಗ ಮುಚ್ಚಿಟ್ರು. ಊರಿನ 80 ಪರ್ಸೆಂಟ್‌ಗಿಂತ ಹೆಚ್ಚು ನೆಲಸಮ ಆತು, ಆದ್ರ ಕಾಗದ ಉಳಿದ್ವು. 1945ರ ಫೆಬ್ರುವರಿದಾಗ, ಯುದ್ಧ ಇನ್ನೂ ನಡದಾಗ್ಲೇ, ರಾಜಧಾನಿ ಕಟ್ಟೋ ಆಫೀಸ್ ಶುರು ಆತು. ಇವತ್ತು ನೋಡೋ ಹಳೇ ವಾರ್ಸಾ ಪ್ಯಾಟಿ ಆ ಡ್ರಾಯಿಂಗ್ ಮತ್ತ ಹಳೇ ಪೇಂಟಿಂಗ್ ನೋಡಿ ಕಟ್ಟಿದ್ದು, 1980ರಾಗ ಯುನೆಸ್ಕೊ ಪಟ್ಟಿಗೂ ಸೇರೇದ. ಉಕ್ರೇನ್‌ದವರೂ ಸುಮ್ನ ಮೀಟಿಂಗ್ ಮಾಡ್ಕೊಂತ ಕುಂತಿಲ್ಲ. ಖಾರ್ಕೀವ್‌ದಾಗ ಮಕ್ಕಳ ಸಲುವಾಗಿ ನೆಲದ ಕೆಳಗ ಸಾಲಿ ಕಟ್ಟಿದ್ದು ಬಾಂಬ್ ಬೀಳೋ ಹೊತ್ತಿನ್ಯಾಗನ.

ಜಮಖಂಡಿಯ ಬಟ್ಟೆ ವ್ಯಾಪಾರಸ್ಥರು: ಅಮೆರಿಕ ಮಾರ್ಷಲ್ ಪ್ಲಾನ್ ರೊಕ್ಕ ಕೊಟ್ಟಿದ್ದಕ್ಕ ಜರ್ಮನಿ ಎದ್ದು ನಿಂತ್ತಂತ. ಹಂಗಾರ ರೊಕ್ಕ ಸುರುವಿದ್ರ ಯಾವ ದೇಶಾನೂ ಏಳ್ತದಲ್ಲ?

ಇಲ್ರಿ ಸಾವಕಾರ್ರ, ಬರೇ ರೊಕ್ಕದಿಂದ ಎದ್ದಿದ್ರ ಅಫ್ಘಾನಿಸ್ತಾನ ಇಷ್ಟೊತ್ತಿಗೆ ಎದ್ದು ನಿಂದ್ರಬೇಕಿತ್ತು, ಅಲ್ಲಿ ಪುನರ್ನಿರ್ಮಾಣಕ್ಕಂತ 20 ವರ್ಷದಾಗ ಅಮೆರಿಕ ಕೊಟ್ಟಿದ್ದು ಸುಮಾರು 145 ಬಿಲಿಯನ್ ಡಾಲರ್, 2021ರ ಆಗಸ್ಟ್‌ದಾಗ ಸರ್ಕಾರ ಕೆಲವೇ ದಿನದಾಗ ಬಿದ್ದು ಹೋತು. ಮಾರ್ಷಲ್ ಪ್ಲಾನ್ ಅಂದ್ರ ಎರಡನೇ ಮಹಾಯುದ್ಧದ ಮ್ಯಾಲ ಯುರೋಪ್ ಕಟ್ಟಾಕ ಅಮೆರಿಕ ಕೊಟ್ಟ ನೆರವು, 1948ರಿಂದ ಸುಮಾರು ನಾಕು ವರ್ಷ, 16 ದೇಶಕ್ಕ 13 ಬಿಲಿಯನ್ ಡಾಲರ್. ಇದ್ರಾಗ ಹೆಚ್ಚು ಪಾಲು ಹೋಗಿದ್ದು ಬ್ರಿಟನ್‌ಗೆ, ಪಶ್ಚಿಮ ಜರ್ಮನಿಗೆ ಬಂದಿದ್ದು 1.4 ಬಿಲಿಯನ್ ಅಷ್ಟ.

ಆ ರೊಕ್ಕ ಓಡಾಡಿದ ರೀತಿ ನಿಮ್ಮಂಥ ವ್ಯಾಪಾರ ಮಾಡೋರಿಗೆ ಲಗೂನ ತಿಳೀತದ. ಜರ್ಮನಿಯ ಒಬ್ಬ ಮಿಲ್ ಮಾಲೀಕಗ ಹತ್ತಿ ಬೇಕು ಅನ್ರಿ. ಅಮೆರಿಕದಾಗ ಹತ್ತಿ ಮಾರಿದವಗ ಅಮೆರಿಕ ಸರ್ಕಾರ ಡಾಲರ್ ಕೊಡ್ತಿತ್ತು. ಇಲ್ಲಿ ಮಿಲ್‌ದಾಂವ ಪುಕ್ಕಟ ತಗೋತಿರ್ಲಿಲ್ಲ, ತನ್ನ ದೇಶದ ಮಾರ್ಕ್ ರೊಕ್ಕಾನ ತನ್ನ ಸರ್ಕಾರದ ಬ್ಯಾರೆ ಖಾತೆಗೆ ತುಂಬತಿದ್ದ. ಹಂಗ ಕೂಡಿದ ಮಾರ್ಕ್ ರೊಕ್ಕಾನ ಕೆಎಫ್‌ಡಬ್ಲ್ಯೂ ಅನ್ನೋ ಬ್ಯಾಂಕ್ ಮನಿ ಕಟ್ಟಾಕ, ಕಲ್ಲಿದ್ದಲು ಗಣಿ, ಕರೆಂಟ್ ಸ್ಟೇಷನ್ ಸಲುವಾಗಿ ಸಾಲ ಕೊಡ್ತು, ಸಾಲ ತಿರುಗಿ ಬಂತು, ಮತ್ತ ಇನ್ನೊಬ್ಬಗ ಕೊಡ್ತು. 1948ರಾಗ ಹುಟ್ಟಿದ ಆ ಬ್ಯಾಂಕ್ ಇವತ್ತಿಗೂ ನಡದದ, ನಾಗ್ಪುರ ಮೆಟ್ರೊಕ್ಕೂ ಅದ್ರ ಸಾಲ ಅದ ನೋಡ್ರಿ. ಜೋಡಿಗೆ 1948ರ ಜೂನ್‌ದಾಗ ಹೊಸ ನೋಟು ಬಂತು, 1953ರಾಗ ಲಂಡನ್ ಒಪ್ಪಂದದಾಗ ಜರ್ಮನಿಯ ಹಳೇ ಸಾಲ ಹೆಚ್ಚೂಕಮ್ಮಿ ಅರ್ಧ ಮಾಫ್ ಆತು. ಸಾಲದ ಈ ವಿಚಾರ ಯಾರೂ ಹೇಳಂಗಿಲ್ಲ, ನನಗ ಅದ ದೊಡ್ಡದು ಅನಸ್ತದ.

ಇರಾಕ್‌ದಾಗ ಉಲ್ಟಾ ಆತು. 2003ರ ಮೇ ತಿಂಗಳದಾಗ ಅಮೆರಿಕದ ಆಡಳಿತ ಅಲ್ಲಿನ ಸೈನ್ಯಾನ ಬರಖಾಸ್ತ್ ಮಾಡಿತು, ಸದ್ದಾಂ ಹುಸೇನ್‌ನ ಬಾತ್ ಪಾರ್ಟಿಯ ಮ್ಯಾಲಿನ ದರ್ಜೆಯವ್ರನ್ನ ಸರ್ಕಾರಿ ನೌಕರಿಯಿಂದ ತಗೀತು. ಬಂದೂಕು ಹಿಡದು ಗೊತ್ತಿದ್ದ ಲಕ್ಷಾಂತರ ಮಂದಿ ಪಗಾರ ಇಲ್ದ ಮನಿಗೆ ಹೋದ್ರು, ಆಫೀಸ್ ನಡಸೋರು ಇಲ್ದಂಗ ಆತು. ಅಂಥಲ್ಲಿ ರೊಕ್ಕ ಎಷ್ಟ್ ಸುರುವಿದ್ರ ಏನ್ರಿ?

ಬೆಳಗಾವಿಯ ಮಾಜಿ ಸೈನಿಕರು: ನೆಲಬಾಂಬ್ ತಗಿಯೋ ಬಗ್ಗೆ ಯಾರೂ ಬರಿಯಂಗಿಲ್ಲ. ಅದು ಮದಲ ಅಲ್ಲೇನು?

ಖರೇ ಸಾಹೇಬ್ರ, ಮದಲ ಅದ. ಹೊಲದಾಗ ಒಂದು ಬಾಂಬ್ ಅದ ಅಂತ ಸಂಶಯ ಬಂದ್ರ ಸಾಕು, ಇಡೀ ಹೊಲ ಬೀಳು. ಮೊಜಾಂಬಿಕ್‌ದಾಗ ಯುದ್ಧ 1992ರಾಗ ಮುಗೀತು, ನೆಲಬಾಂಬ್ ಮುಕ್ತ ದೇಶ ಅಂತ ಘೋಷಣೆ ಆಗಿದ್ದು 2015ರಾಗ. ಆಫ್ರಿಕಾದ ದೊಡ್ಡ ಇಲಿಗಳಿಗೆ ಟಿಎನ್‌ಟಿ ಅನ್ನೋ ಸ್ಫೋಟಕದ ವಾಸನಿ ಹಿಡಿಯೋದು ಕಲಿಸಿ ಅಲ್ಲಿ ಬಳಸ್ಯಾರ. ಅವುಗಳ ಭಾರಕ್ಕ ಬಾಂಬ್ ಸಿಡಿಯಂಗಿಲ್ಲ, ಮನುಷ್ಯಾ ಮೆಟಲ್ ಡಿಟೆಕ್ಟರ್ ಹಿಡದು ದಿನಗಟ್ಟಲೆ ನೋಡೋ ಜಾಗಾನ ಅವು ಅರ್ಧ ತಾಸಿನ್ಯಾಗ ಮೂಸಿ ಮುಗಸ್ತಾವು.

ಬೀಳಗಿ ತಾಲೂಕಿನ ಓದುಗ ತಾಯಂದಿರು: 2019ರ ಮಹಾಪೂರದಾಗ ನಮ್ಮ ಮನಿ ಹೋತು, ಬ್ಯಾರೆ ಕಡೆ ಕಟ್ಟಿಕೊಂಡೀವಿ. ಯುದ್ಧದಾಗ ಮನಿ ಕಳಕೊಂಡವ್ರಿಗೆ ಯಾರು ಕಟ್ಟಿ ಕೊಡ್ತಾರ? ಅವ್ರನ್ನ ಯಾರರ ಕೇಳ್ತಾರೇನು?

ಅಕ್ಕಾರ, ಎಲ್ಲಾ ಪ್ರಶ್ನೆದಾಗ ನಿಮ್ಮದ ನನಗ ಮುಖ್ಯ ಅನಿಸ್ತು. ಕೇಳೋದು ಕಡಿಮಿ, ಕೇಳಿದಲ್ಲಿ ಮಾತ್ರ ಮನಿ ಮನಿಯಾಗಿ ಉಳದಾವು.

ಶ್ರೀಲಂಕಾದ್ದು ನೋಡ್ರಿ. 2009ರ ಮೇದಾಗ ಅಲ್ಲಿ ಯುದ್ಧ ಮುಗೀತು, ನಮ್ಮ ಭಾರತ ಸರ್ಕಾರ 50 ಸಾವಿರ ಮನಿ ಕಟ್ಟಿಸೋ ಯೋಜನೆ ಒಪ್ಕೊಂತು. ಮದಲಿನ ಸಾವಿರ ಮನಿ ಗುತ್ತಿಗೆದಾರರ ಕೈಲಿ ಕಟ್ಟಿಸಿದ್ರು. ಆಮ್ಯಾಲ ದಾರಿ ಬದಲಿ ಮಾಡಿ, ಉತ್ತರ ಮತ್ತ ಪೂರ್ವ ಭಾಗದಾಗ ಒಂದೊಂದು ಕುಟುಂಬಕ್ಕ 5.5 ಲಕ್ಷ ಶ್ರೀಲಂಕಾ ರೂಪಾಯಿ ಸೀದಾ ಅವರ ಬ್ಯಾಂಕ್ ಖಾತೆಗೆ ಕಂತಿನ ಪ್ರಕಾರ ಹಾಕಿದ್ರು. ಒಂದು ಹಂತ ಮುಗದದ್ದು ನೋಡಿ ಮುಂದಿನ ಕಂತು. ಮನಿ ಕಟ್ಟೋ ಉಸಾಬರಿ ಮನಿಯವರ ಕೈಯಾಗ ಬಂತು, ಗಂಡನ್ನ ಕಳಕೊಂಡ ಹೆಣ್ಮಕ್ಕಳೂ ತಮ್ಮ ಮನಿ ಕೆಲಸ ತಾವ ನಿಂತು ಮಾಡಿಸಿದ್ರು. ನಮ್ಮ ಕಡೆ 2019ರಾಗ ಪೂರ್ತಿ ಬಿದ್ದ ಮನಿಗೆ 5 ಲಕ್ಷ ಕಂತಿನ್ಯಾಗ ಕೊಟ್ಟಿದ್ದು ನಿಮಗ ಗೊತ್ತದ, ತಳಪಾಯದ ಫೋಟೊ ಹೋಗೋತನಕ ಮುಂದಿನ ಕಂತು ಬರಂಗಿಲ್ಲ, ಗವಂಡಿ ಅಷ್ಟೊತ್ತಿಗೆ ಬ್ಯಾರೆ ಕೆಲಸಕ್ಕ ಹೋಗಿರ್ತಾನ. ಈ ತ್ರಾಸು ಅಲ್ಲೂ ಇರ್ತದ. ಆದ್ರೂ ಯಾರೋ ಕಟ್ಟಿ ಕೈಯಾಗ ಕೀಲಿ ಕೊಡೋದಕ್ಕಿಂತ ಇದ ಛಲೋ ಅಂತೀನಿ ನಾನು, ಯಾಕಂದ್ರ ಬಾಗಲಾ ಯಾವ ಕಡೆ ಇರಬೇಕು, ದನಾ ಎಲ್ಲಿ ಕಟ್ಟಬೇಕು ಅನ್ನೋದು ದೂರದ ಆಫೀಸಿನ್ಯಾಗ ಕುಂತ ಇಂಜಿನಿಯರ್‌ಗ ತಿಳಿಯಂಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿಯ ಓಣಿಗಳು ಮುಳುಗಿ ನವನಗರಕ್ಕ ಬಂದ ಮಂದಿಯನ್ನ ಕೇಳ್ರಿ, ರಸ್ತೆ ಅಗಲ ಅದಾವು, ಸೆಕ್ಟರ್ ಅದಾವು, ಆದ್ರ ಬಾಜೂ ಮನಿಯವರು ಬ್ಯಾರೆ ಸೆಕ್ಟರಿಗೆ ಹೋದ ಸಂಕಟ ಇವತ್ತಿಗೂ ಹೇಳ್ತಾರ.

ಇನ್ನೊಂದು, ಉತಾರಿ. ಮನಿ ಹೋದವ್ರ ಕೈಯಾಗ ಕಾಗದ ಇರಂಗಿಲ್ಲ, ಅವರ ಮನಿಯಾಗ ಬ್ಯಾರೆಯವರು ಬಂದು ಕುಂತಿರ್ತಾರ, ಆ ಕುಂತವರೂ ತಮ್ಮ ಊರು ಬಿಟ್ಟು ಓಡಿ ಬಂದವರ ಇರ್ತಾರ. ಬೋಸ್ನಿಯಾದಾಗ ಹಂಗ ಆಗಿತ್ತು. ಅಲ್ಲಿನ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದಾಗನ ಮಂದಿ ತಮ್ಮ ಸ್ವಂತ ಮನಿಗೆ ತಿರುಗಿ ಹೋಗೋ ಹಕ್ಕು ಬರದಿದ್ರು, ಆದ್ರೂ ಊರಿನ ಅಧಿಕಾರಿಗಳು ವರ್ಷಗಟ್ಟಲೆ ಅರ್ಜಿ ಮುಟ್ಟಲಿಲ್ಲ. ಆಮ್ಯಾಲ ಕಾಯ್ದೆ ಬಿಗಿ ಮಾಡಿ, ಕೆಲಸ ಮಾಡದ ಅಧಿಕಾರಿಗಳನ್ನ ತಗದ ಮ್ಯಾಲನ ಸುಮಾರು 2 ಲಕ್ಷ ಅರ್ಜಿ ತೀರಿದ್ವು. ಅದಕ್ಕ ಪ್ಲಾನ್ ಮಾಡೋವಾಗ ಸಿಮೆಂಟ್‌ಗಿಂತ ಮದಲ ಜಮೀನು ದಾಖಲೆ ಕಾಪಾಡಬೇಕು, ಅರ್ಜಿ ತಗೊಳ್ಳೋ ಆಫೀಸ್ ತಗೀಬೇಕು, ಹೆಂಡತಿ ಹೆಸರೂ ದಾಖಲೆದಾಗ ಇರಬೇಕು. ಯುದ್ಧ ಆದ ಊರಿನ್ಯಾಗ ಗಂಡಸರು ಕಡಿಮಿ ಉಳದಿರ್ತಾರ ಅಕ್ಕಾರ, ಗಂಡನ ಒಬ್ಬನ ಹೆಸರಿದ್ರ ಆ ಹೆಣ್ಮಗಳಿಗೆ ಮನಿ ದಕ್ಕಂಗಿಲ್ಲ.

ಸಿಂದಗಿಯ ಶಿಕ್ಷಕರು: ಕೊಂದವರು, ಕಳಕೊಂಡವರು ಮತ್ತ ಒಂದ ಊರಾಗ ಬಾಳೋದು ಹೆಂಗ? ಅದಕ್ಕೂ ಪ್ಲಾನ್ ಇರ್ತದೇನು?

ಇರ್ತದ್ರಿ ಸರ್, ಆದ್ರ ಪೂರಾ ಯಶಸ್ವಿ ಆದದ್ದು ಒಂದೂ ಇಲ್ಲ. ರುವಾಂಡಾದಾಗ 1994ರಾಗ ಹುಟು ಉಗ್ರರು ಟುಟ್ಸಿ ಮಂದಿಯನ್ನ ಕೊಂದ ನರಮೇಧದ ಮ್ಯಾಲ ಜೈಲಿನ್ಯಾಗ ಲಕ್ಷಕ್ಕಿಂತ ಹೆಚ್ಚು ಆರೋಪಿಗಳು ತುಂಬಿದ್ರು, ಕೋರ್ಟ್‌ದಾಗ ಆ ಕೇಸು ಮುಗಿಯೋದು ನೂರು ವರ್ಷದ ಮಾತಾಗಿತ್ತು. ಅದಕ್ಕ ಗಚಾಚಾ ಅನ್ನೋ ಊರ ಪಂಚಾಯ್ತಿ ಕೋರ್ಟು, ಸುಮಾರು 12 ಸಾವಿರ, ಶುರು ಮಾಡಿದ್ರು. ಊರವರ ಆರಿಸಿದ ಪಂಚರು, ಬಯಲಾಗ ಕುಂತು ವಿಚಾರಣೆ, ತಪ್ಪು ಒಪ್ಪಿ ಹೆಣ ಎಲ್ಲಿ ಹುಗದೀನಿ ಅಂತ ತೋರಿಸಿದವಗ ಶಿಕ್ಷೆ ಕಡಿಮಿ. 2012ರ ತನಕ ನಡೀತು. ಎಷ್ಟೋ ಮಂದಿಗೆ ತಮ್ಮವರ ಎಲುಬಾದ್ರೂ ಸಿಕ್ಕು ಮಣ್ಣು ಮಾಡಾಕಾತು, ಅದು ಸಣ್ಣ ಮಾತಲ್ಲ. ಆದ್ರ ಆರೋಪಿಗೆ ವಕೀಲ ಇರ್ಲಿಲ್ಲ, ಹಳೇ ಹಗಿ ತೀರಿಸಿಕೊಳ್ಳಾಕ ಸುಳ್ಳು ಸಾಕ್ಷಿ ಹೇಳಿದವರೂ ಇದ್ರು, ಯುದ್ಧ ಗೆದ್ದ ಟುಟ್ಸಿ ಕಡೆಯ ಸೈನಿಕರು ಮಾಡಿದ ಕೊಲೆ ಅಲ್ಲಿ ವಿಚಾರಣೆಗೆ ಬರಲೇ ಇಲ್ಲ. ಆ ಕೊಲೆಯಾಗ ಹೋದವರ ಮನಿಯವರಿಗೆ ನ್ಯಾಯ ಸಿಗೋದು ಇನ್ನೂ ಬಾಕಿ ಅದ.