ಮಗನಿಗೆ ಒಂದ್ಸಲ ತಲೆ ಸಿಟಿ ಆಗಿದೆ, ಮತ್ತೊಂದು ಮಾಡಿಸ್ಬೇಕಾ?

ಪ್ರಶ್ನೆ: ಸರ್, ನಾವು ದಾವಣಗೆರೆ ವಿದ್ಯಾನಗರದವ್ರು. ಆರು ವರ್ಷದ ಮಗ ಸೈಕಲ್ಲಿಂದ ಬಿದ್ದು ಮೇಲಿಂದ ಮೇಲೆ ವಾಂತಿ ಮಾಡ್ಕೊಂಡ, ಡಾಕ್ಟ್ರು ತಲೆಗೆ ಸಿಟಿ ಸ್ಕ್ಯಾನ್ ಮಾಡಿಸಿದ್ರು, ನಾರ್ಮಲ್ ಬಂತು. ಈಗ ಎರಡು ತಿಂಗ್ಳಾಯ್ತು, ಆರಾಮಾಗಿ ಆಡ್ಕೊಂಡಿದಾನೆ. ಆದ್ರೂ ಅತ್ತೆಯವ್ರು ಇನ್ನೊಂದ್ಸಲ ಸ್ಕ್ಯಾನ್ ಮಾಡ್ಸಿ ನೋಡೋಣ ಅಂತಾರೆ. ಕಮ್ಮಿ ಡೋಸ್ ರೇಡಿಯೇಷನ್ ಮಕ್ಕಳಿಗೆ ಏನೂ ಮಾಡಲ್ವಾ?

ಉತ್ತರ: ಆಗಿರೋ ಸ್ಕ್ಯಾನ್ ಬಗ್ಗೆ ಹೆದರಬೇಡಿ ತಾಯಿ, ಪೆಟ್ಟು ಬಿದ್ದು ಹಂಗೆ ವಾಂತಿ ಆದಾಗ ಒಳಗೆ ರಕ್ತ ಸೋರಿದ್ಯಾ ಅಂತ ನೋಡ್ಬೇಕಾಗುತ್ತೆ. ಇಡೀ ದೇಹದ ಲೆಕ್ಕಕ್ಕೆ ತಲೆ ಸಿಟಿ ಅಂದ್ರೆ ಸುಮಾರು 2 ಮಿಲಿಸೀವರ್ಟ್ (ದೇಹಕ್ಕೆ ತಾಗೋ ರೇಡಿಯೇಷನ್ ಅಳೆಯೋ ಮಾನ), ನೆಲ ಗಾಳಿ ಆಕಾಶದಿಂದನೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ತಾಗುತ್ತೆ, ಚಿತ್ರದುರ್ಗದ ಕೋಟೆ ಬಂಡೆಯಂಥ ಗ್ರಾನೈಟಲ್ಲೂ ರೇಡಿಯೇಷನ್ ಸೂಸೋ ಯುರೇನಿಯಂ, ಥೋರಿಯಂ ಚೂರು ಇರುತ್ತೆ.

ಆದ್ರೆ ಕಮ್ಮಿ ಅಂದ್ರೆ ಸೊನ್ನೆ ಅಲ್ಲ. ದೇಹದ ಒಂದು ಭಾಗಕ್ಕೆ ಬೀಳೋ ಡೋಸನ್ನ ಗ್ರೇ ಅನ್ನೋ ಮಾನದಲ್ಲಿ ಅಳೀತಾರೆ. 1 ಗ್ರೇ (1000 ಮಿಲಿಗ್ರೇ) ಡೋಸ್ ಬಿದ್ರೆ ಒಂದೊಂದು ಜೀವಕೋಶದಲ್ಲೂ ಡಿಎನ್‌ಎಯ ಎರಡೂ ಎಳೆ ಸುಮಾರು 35 ಕಡೆ ಕಡಿಯುತ್ತೆ, ತಲೆ ಸಿಟಿಯಲ್ಲಿ ಆ ಭಾಗಕ್ಕೆ ಬೀಳೋದು ಕೆಲವು ಹತ್ತು ಮಿಲಿಗ್ರೇ, ಅಂದ್ರೆ ಹೆಚ್ಚುಕಮ್ಮಿ ಕೋಶಕ್ಕೊಂದು ಕಡಿತ. ಬಹುಪಾಲು ಕಡಿತಾನ ಕೋಶ ಒಂದು ದಿನದೊಳಗೆ ತಾನೇ ರಿಪೇರಿ ಮಾಡ್ಕೊಳ್ಳುತ್ತೆ, ಎಲ್ಲೋ ಒಂದು ತಪ್ಪಾಗಿ ಸೇರ್ಕೊಂಡ್ರೆ ಬಹಳ ವರ್ಷದ ಮೇಲೆ ಕ್ಯಾನ್ಸರಿಗೆ ದಾರಿ ಆಗ್ಬಹುದು, ಆ ಸಾಧ್ಯತೆ ತುಂಬಾ ಚಿಕ್ಕದು, ಆದ್ರೆ ಪ್ರತಿ ಸ್ಕ್ಯಾನಿಗೂ ಸ್ವಲ್ಪ ಸ್ವಲ್ಪ ಕೂಡ್ತಾ ಹೋಗುತ್ತೆ ಅಂತ ಇಟ್ಕೊಂಡೇ ನಾವು ಲೆಕ್ಕ ಹಾಕೋದು.

ಎಲ್ಲಾ ಕೋಶಾನೂ ಒಂದೇ ತರ ಇರಲ್ಲ. ಬೇಗ ಬೇಗ ಎರಡಾಗೋ ಕೋಶಕ್ಕೆ ಏಟು ಜಾಸ್ತಿ ಅಂತ ಫ್ರಾನ್ಸಿನ ವೈದ್ಯರಾದ ಬೆರ್ಗೊನಿಯೆ, ತ್ರಿಬೊಂದೊ 1906ರಲ್ಲೇ ಹೇಳಿದ್ರು: ಮೂಳೆ ಮಜ್ಜೆ, ಕರುಳಿನ ಒಳಪದರ ಇಂಥವು. ತಪ್ಪು ತಿದ್ದೋಕೆ ಮುಂಚೆನೇ ಜೆರಾಕ್ಸ್ ಹೊಡೆದಂಗೆ ಆಗುತ್ತೆ ಅಲ್ಲಿ. ನರಕೋಶ, ಸ್ನಾಯು ಗಟ್ಟಿ. ಬಿಳಿ ರಕ್ತಕಣದ ಲಿಂಫೋಸೈಟ್ ಮಾತ್ರ ಎರಡಾಗದೇ ಸುಮ್ನಿದ್ರೂ ಬೇಗ ಸಾಯುತ್ತೆ, ಅದು ಈ ನಿಯಮಕ್ಕೆ ಹೊರತು. ಮಕ್ಕಳ ವಿಷ್ಯಕ್ಕೆ ಬಂದ್ರೆ ಬೆಳೆಯೋ ದೇಹ, ಮುಂದೆ ಬದುಕೋ ವರ್ಷಗಳೂ ಜಾಸ್ತಿ, ಮೇಲಾಗಿ ರಕ್ತ ಮಾಡೋ ಮಜ್ಜೆ ದೊಡ್ಡೋರಿಗಿಂತ ಮಕ್ಕಳ ತಲೆಬುರುಡೆಯಲ್ಲೇ ಹೆಚ್ಚು ಇರುತ್ತೆ, ಹಂಗಾಗಿ ತಲೆ ಸಿಟಿ ಅಂದ್ರೆ ನಾನು ಎರಡ್ಸಲ ಯೋಚ್ನೆ ಮಾಡ್ತೀನಿ.

ಹುಡುಗ ಆಡ್ಕೊಂಡಿದ್ರೆ ಬರೀ ಸಮಾಧಾನಕ್ಕೆ ಸ್ಕ್ಯಾನ್ ಬೇಡ, ಅತ್ತೆಯವ್ರಿಗೂ ಇದನ್ನೇ ಹೇಳಿ. ತಲೆನೋವು ಏರ್ತಾ ಹೋಗೋದು, ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದ್ರೂ ಮಂಕಾಗಿರೋದು ಕಂಡ್ರೆ ಮಾತ್ರ ತಡ ಮಾಡ್ದೆ ಆಸ್ಪತ್ರೆಗೆ ಹೋಗಿ, ಆಗ ರೇಡಿಯೇಷನ್ ಅಂತ ಹಿಂದೇಟು ಹಾಕ್ಬೇಡಿ. ಮುಂದೆ ಯಾವತ್ತಾದ್ರೂ ಸ್ಕ್ಯಾನ್ ಬರೆದುಕೊಟ್ರೆ ಹಳೇ ಫಿಲ್ಮು ರಿಪೋರ್ಟು ತಗೊಂಡೋಗಿ, ಅಲ್ಟ್ರಾಸೌಂಡ್ ಇಲ್ಲಾ ಎಂಆರ್‌ಐ ನಡೆಯುತ್ತಾ ಕೇಳಿ, ಅವೆರಡ್ರಲ್ಲಿ ಈ ತರದ ರೇಡಿಯೇಷನ್ ಇಲ್ಲ. ಸಿಟಿನೇ ಬೇಕು ಅಂದ್ರೆ ಮಗುವಿನ ವಯಸ್ಸಿಗೆ ತಕ್ಕಂಗೆ ಡೋಸ್ ಇಳಿಸಿ ಮಾಡಿ ಅಂತ ಟೆಕ್ನಿಷಿಯನ್ ಹತ್ರ ಬಾಯಿಬಿಟ್ಟು ಕೇಳಿ.