ಸರ್ವರ್‌ನ ಆಬ್ಜೆಕ್ಟ್ ಪುಟದ ಸ್ಕ್ರಿಪ್ಟ್‌ಗೆ ತಲುಪುವುದು ಹೇಗೆ?

ಪ್ರಶ್ನೆ: ಅಡಿಕೆ ವಖಾರಿಯೊಂದಕ್ಕೆ ಪಿಎಚ್‌ಪಿಯಲ್ಲಿ ವೆಬ್ ಅಪ್ಲಿಕೇಶನ್ ಬರೆಯುತ್ತಿದ್ದೇನೆ. ಲಾಟ್ ಸಂಖ್ಯೆ, ಬಗೆ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು), ತೂಕ, ಕ್ವಿಂಟಲ್ ದರ, ಷರಾ ಇವೆಲ್ಲ ಒಂದು ಆಬ್ಜೆಕ್ಟ್‌ನಲ್ಲಿವೆ. ಒಂದೊಂದನ್ನೇ ಕೋಟ್ ಚಿಹ್ನೆಯೊಳಗೆ ಎಕೋ ಮಾಡಿ (ಪುಟಕ್ಕೆ ಮುದ್ರಿಸಿ) ಜಾವಾಸ್ಕ್ರಿಪ್ಟ್‌ಗೆ ಕೊಡುತ್ತಿದ್ದೆ. ಷರಾದಲ್ಲಿ ಎರಡು ಸಾಲು ಇರುವ ಲಾಟ್ ಬಂದರೆ ಪುಟದ ಲೆಕ್ಕವೇ ನಿಲ್ಲುತ್ತದೆ. ಇಡೀ ಆಬ್ಜೆಕ್ಟನ್ನು ಒಟ್ಟಿಗೆ ಕಳಿಸಬಹುದೇ?
– ಓದುಗರು, ಶಿರಸಿ

ಉತ್ತರ: ಕೋಟ್‌ನೊಳಗೆ ಎಂಟರ್ ಬಿದ್ದರೆ ಜಾವಾಸ್ಕ್ರಿಪ್ಟ್‌ಗೆ ಅದು ವ್ಯಾಕರಣದೋಷ. ಆ ಸ್ಕ್ರಿಪ್ಟ್‌ನ ಒಂದು ಸಾಲೂ ಓಡುವುದಿಲ್ಲ. ಆಬ್ಜೆಕ್ಟ್ ಸರ್ವರ್‌ನಲ್ಲೇ ಉಳಿಯುತ್ತದೆ, ಬ್ರೌಸರ್‌ಗೆ ಹೋಗುವುದು ಬರೀ ಪಠ್ಯ. ಹಾಗಾಗಿ ಜೆಸನ್ (JSON, ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಮಾಡಿ ಕಳಿಸಿ.

ಮೊದಲು ಪುಟಕ್ಕೆ ಬೇಕಾದ ಅಂಕಣಗಳನ್ನಷ್ಟೇ ಹೊಸ ಅರೇಗೆ ಹಾಕಿ. ಇದನ್ನು ದಯವಿಟ್ಟು ಬಿಡಬೇಡಿ: ಬೆಳೆಗಾರರ ಫೋನ್ ನಂಬರ್, ಬ್ಯಾಂಕ್ ಖಾತೆ ಪರದೆಯಲ್ಲಿ ಕಾಣದಿದ್ದರೂ ಪುಟದ ಸೋರ್ಸ್ ತೆರೆದವರಿಗೆ ಕಾಣುತ್ತವೆ. ಆಬ್ಜೆಕ್ಟನ್ನೇ ನೇರ ಕೊಟ್ಟರೆ ಪಬ್ಲಿಕ್ ಅಂಕಣಗಳೆಲ್ಲ ಹೋಗುತ್ತವೆ, ಪ್ರೈವೇಟ್ ಇದ್ದವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಆ ಅರೇಯನ್ನು ಜೆಸನ್_ಎನ್‌ಕೋಡ್‌ಗೆ ಕೊಡಿ, ಜೊತೆಗೆ ಜೆಸನ್_ಹೆಕ್ಸ್_ಟ್ಯಾಗ್ ಎಂಬ ಫ್ಲ್ಯಾಗ್ ಇರಲಿ. ಬಂದದ್ದನ್ನು ಟೈಪ್ 'ಅಪ್ಲಿಕೇಶನ್/ಜೆಸನ್' ಎಂದಿರುವ ಸ್ಕ್ರಿಪ್ಟ್ ಟ್ಯಾಗ್‌ನೊಳಗೆ ಮುದ್ರಿಸಿ, ಟ್ಯಾಗ್‌ಗೆ ಒಂದು ಐಡಿ ಕೊಡಿ. ಬ್ರೌಸರ್ ಅದನ್ನು ಓಡಿಸದೆ ದತ್ತಾಂಶವಾಗಿಯೇ ಇಟ್ಟುಕೊಳ್ಳುತ್ತದೆ. ನಿಮ್ಮ ಜಾವಾಸ್ಕ್ರಿಪ್ಟ್ ಆ ಐಡಿಯ ಟೆಕ್ಸ್ಟ್‌ಕಂಟೆಂಟ್ ಓದಿ ಜೆಸನ್.ಪಾರ್ಸ್ ಮಾಡಿದರೆ ಸಾಕು.

ಫ್ಲ್ಯಾಗ್ ಯಾಕೆ? ಎಚ್‌ಟಿಎಂಎಲ್ ಓದುವ ಭಾಗಕ್ಕೆ ಜೆಸನ್ ಗೊತ್ತಿಲ್ಲ. ಷರಾದೊಳಗೆ ಯಾರಾದರೂ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಬರೆದರೆ ಬ್ಲಾಕ್ ಅಲ್ಲಿಗೇ ಮುಗಿಯಿತು, ಮುಂದಿನದು ಅವರ ಕೋಡ್ ಆಗಿ ಓಡಬಹುದು. ಈ ಫ್ಲ್ಯಾಗ್ '<' ಮತ್ತು '>' ಎರಡನ್ನೂ ಯುನಿಕೋಡ್ ಎಸ್ಕೇಪ್ ಮಾಡುತ್ತದೆ, ಅಂದರೆ ಚಿಹ್ನೆಯ ಬದಲು ಅದರ ಸಂಕೇತಸಂಖ್ಯೆ ಬರೆಯುತ್ತದೆ. ಆದರೆ ಸ್ಕ್ರಿಪ್ಟ್ ಟ್ಯಾಗ್‌ನೊಳಗೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಕೋಟ್, ಟ್ಯಾಗ್ ಚಿಹ್ನೆಗಳನ್ನು ಎಚ್‌ಟಿಎಂಎಲ್ ಸಂಕೇತವಾಗಿಸುವ ಪಿಎಚ್‌ಪಿ ಫಂಕ್ಷನ್) ಬಳಸಬೇಡಿ. ಅಲ್ಲಿ ಅದನ್ನು ಬಿಡಿಸುವವರಿಲ್ಲ, ಪಾರ್ಸ್ ಕೆಡುತ್ತದೆ. ಡೇಟಾ ಆಟ್ರಿಬ್ಯೂಟ್‌ನಲ್ಲಿ ಜೆಸನ್ ಇಡುವಾಗ ಮಾತ್ರ ಅದು ಬೇಕೇ ಬೇಕು. ಪರದೆಗೆ ಷರಾ ಹಾಕುವಾಗಲೂ ಇನ್ನರ್‌ಎಚ್‌ಟಿಎಂಎಲ್ ಬೇಡ, ಟೆಕ್ಸ್ಟ್‌ಕಂಟೆಂಟ್ ಇರಲಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹಳೆಯ ಲೆಕ್ಕದ ಕಡತಗಳು ಯುನಿಕೋಡ್ ಅಲ್ಲದ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿದ್ದು, ಅವನ್ನು ಹಾಗೆಯೇ ಡೇಟಾಬೇಸ್‌ಗೆ ತುಂಬಿದ್ದರೆ ಆ ಬೈಟ್‌ಗಳು ಸರಿಯಾದ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೂಪ) ಆಗಿರುವುದಿಲ್ಲ. ಆಗ ಜೆಸನ್_ಎನ್‌ಕೋಡ್ 'ಫಾಲ್ಸ್' ಕೊಡುತ್ತದೆ, ಎಕೋ ಮಾಡಿದರೆ ಖಾಲಿ. ಪುಟದಲ್ಲಿ ಪಾರ್ಸ್ ದೋಷ ಕಾಣುವುದರಿಂದ ಜಾವಾಸ್ಕ್ರಿಪ್ಟ್‌ನಲ್ಲಿ ಹುಡುಕುತ್ತಾ ಕೂರುತ್ತೇವೆ. ಪಿಎಚ್‌ಪಿ 7.3ರಿಂದ ಇರುವ ಜೆಸನ್_ಥ್ರೋ_ಆನ್_ಎರರ್ ಸೇರಿಸಿದರೆ ತಪ್ಪು ಸರ್ವರ್‌ನಲ್ಲೇ ಸಿಗುತ್ತದೆ. ನಂತರ ಆ ದಾಖಲೆಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ.

ಬ್ರೌಸರ್‌ನಲ್ಲಿ ಕೂಡಿದ ಒಟ್ಟು ಮೊತ್ತವನ್ನು ನಂಬಿ ಬಿಲ್ ಮಾಡಬೇಡಿ. ತೂಕ, ದರ ತೆಗೆದುಕೊಂಡು ಸರ್ವರ್‌ನಲ್ಲಿ ಮತ್ತೆ ಗುಣಿಸಿ.

ಪ್ರಶ್ನೆ: ಹೋಂಸ್ಟೇ ಬುಕಿಂಗ್ ಪುಟದಲ್ಲಿ ಜೂನ್ 1ರ ಬುಕಿಂಗ್ ಮೇ 31 ಎಂದು ತೋರಿಸುತ್ತದೆ. ಸರ್ವರ್ ನೋಡ್‌ನಲ್ಲಿದೆ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ Node.js).
– ಓದುಗರು, ಕಾರವಾರ

ಉತ್ತರ: ಜೆಸನ್‌ನಲ್ಲಿ ದಿನಾಂಕ ಎಂಬ ಬಗೆಯೇ ಇಲ್ಲ. ಡೇಟ್ ಆಬ್ಜೆಕ್ಟ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯದ ಪಠ್ಯವಾಗಿ ಹೋಗುತ್ತದೆ. ನಮ್ಮ ಜೂನ್ 1ರ ನಡುರಾತ್ರಿ 12 ಗಂಟೆ ಅಂದರೆ ಯುಟಿಸಿಯಲ್ಲಿ ಮೇ 31ರ 18:30. ಆ ಪಠ್ಯದ ಮೊದಲ 10 ಅಕ್ಷರ ಕತ್ತರಿಸಿ ತೋರಿಸಿದರೆ ಹಿಂದಿನ ದಿನವೇ ಬರುತ್ತದೆ. ಬುಕಿಂಗ್‌ಗೆ ಗಂಟೆ ಬೇಡವಾದ್ದರಿಂದ ಡೇಟ್ ಆಬ್ಜೆಕ್ಟ್ ಮಾಡದೆ, ವರ್ಷ-ತಿಂಗಳು-ದಿನದ ಪಠ್ಯವಾಗಿಯೇ ಡೇಟಾಬೇಸ್‌ನಿಂದ ಪರದೆಯವರೆಗೂ ಒಯ್ಯಿರಿ.