ಆಕ್ಸಾಲಿಕ್ ಆಮ್ಲ ಹಾಕಿದ್ರೂ ಜೇನುಪೆಟ್ಟಿಗೆಯ ನುಸಿ ವಾಪಸ್ ಬರ್ತಿದೆ, ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದು? ತುಡುವೆಗೂ (ನಮ್ಮ ನಾಡಜೇನು) ಹಾಕಬಹುದಾ?

ನಾನೂ ಇದೇ ಗುಂಡಿಗೆ ಬಿದ್ದವನು. ಹನ್ನೆರಡು ಮೆಲ್ಲಿಫೆರಾ (ಯುರೋಪಿನ ಜೇನುತಳಿ) ಪೆಟ್ಟಿಗೆ, ಡಿಸೆಂಬರ್, ಪಕ್ಕದಲ್ಲೇ ಸೂರ್ಯಕಾಂತಿ. ಯುರೋಪಿನವರ ವಿಡಿಯೋ ನೋಡಿ ಆಕ್ಸಾಲಿಕ್ ಒಂದೇ ಸಲ ಹನಿಸಿದೆ. ಅಡಿಹಲಗೆ ಮೇಲೆ ಗ್ರೀಸ್ ಸವರಿ ಇಟ್ಟಿದ್ದ ಹಾಳೆ ತುಂಬ ರಾಗಿಕಾಳಿನಂಥ ಕೆಂಗಂದು ನುಸಿ. ಗೆದ್ದೆ ಅಂದ್ಕೊಂಡೆ. ತಿಂಗಳೊಳಗೆ ಪೆಟ್ಟಿಗೆ ಬಾಗಿಲಲ್ಲಿ ರೆಕ್ಕೆ ಮುರುಟಿದ ಜೇನುಹುಳುಗಳು ತೆವಳ್ತಿದ್ವು.

ತಪ್ಪು ಔಷಧಿಯದ್ದಲ್ಲ. ಮರಿ ಬೆಳೆಯೋ ಕಣದ ಮೇಣದ ಮುಚ್ಚಳವನ್ನ ಆಕ್ಸಾಲಿಕ್ ದಾಟಲ್ಲ. ಕಣ ಮುಚ್ಚೋಕೆ ಸ್ವಲ್ಪ ಮುಂಚೆ ತಾಯಿ ನುಸಿ (ಇದರ ಹೆಸರು ವರ್ರೋವಾ) ಒಳಗೆ ನುಗ್ಗುತ್ತೆ. ಕೆಲಸಗಾರ ಮರಿಯ ಕಣ 12 ದಿನ ಮುಚ್ಚಿರುತ್ತೆ, ಅಷ್ಟರಲ್ಲಿ ಅದು ಮೊಟ್ಟೆಯಿಟ್ಟು ಹೆಣ್ಣುಮರಿಗಳ ಜೊತೆ ಹೊರಬರುತ್ತೆ. ಮರಿ ತುಂಬಿದ ಪೆಟ್ಟಿಗೇಲಿ ಅರ್ಧಕ್ಕಿಂತ ಹೆಚ್ಚು ನುಸಿ ಯಾವಾಗಲೂ ಮುಚ್ಚಳದ ಒಳಗೇ ಇರುತ್ತೆ. ಹಾಳೆ ಮೇಲೆ ನಾನು ನೋಡಿದ್ದು ಹೊರಗಿದ್ದವನ್ನ ಮಾತ್ರ. ಆ ವಿಡಿಯೋದವರ ಊರಲ್ಲಿ ಚಳಿಗೆ ರಾಣಿ ಮೊಟ್ಟೆ ಇಡೋದೇ ನಿಲ್ಲಿಸುತ್ತೆ, ಮುಚ್ಚಿದ ಕಣವೇ ಇರಲ್ಲ. ನಮ್ಮ ರಾಣಿ ಹೂ ಇರೋವರೆಗೂ ಇಡ್ತಾನೇ ಇರುತ್ತೆ.

ಹಾಗಾಗಿ ‘ಸ್ಟ್ರಾಂಗ್’ ಹುಡುಕೋದು ಬಿಡಿ. ಫ್ಲುವಾಲಿನೇಟ್ (ನುಸಿ ಕೊಲ್ಲೋ ರಾಸಾಯನಿಕ) ಪಟ್ಟಿಯನ್ನೇ ಮತ್ತೆ ಮತ್ತೆ ತೂಗುಹಾಕಿದ್ರೆ ನುಸಿಗೆ ಅದು ಒಗ್ಗಿಹೋಗುತ್ತೆ, ಮೇಣದಲ್ಲೂ ಉಳಿಯುತ್ತೆ. ಫಾರ್ಮಿಕ್ ಆಮ್ಲ ಮುಚ್ಚಳದೊಳಗೂ ಹೋಗುತ್ತೆ ನಿಜ, ಆದ್ರೆ 30 ಡಿಗ್ರಿ ದಾಟಿದ ಬಿಸಿಲಲ್ಲಿ ಮರಿ ಸಾಯುತ್ತೆ, ಕೆಲವು ಸಲ ರಾಣಿಯೂ.

ಮೊದಲು ಎಣಿಸಿ. ರಾಣಿ ಇಲ್ಲದ ಮರಿ ಎರಿಯಿಂದ ಅರ್ಧ ಕಪ್ ಹುಳು (ಸುಮಾರು 300) ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಎರಡು ದೊಡ್ಡ ಚಮಚ ಐಸಿಂಗ್ ಸಕ್ಕರೆ ಸುರಿದು ಹೊರಳಿಸಿ. ಎರಡು ನಿಮಿಷ ಬಿಟ್ಟು ಬಿಳಿ ತಟ್ಟೆಗೆ ಜಾಡಿಸಿ, ನೀರು ಚಿಮುಕಿಸಿ. ಸಕ್ಕರೆ ಕರಗುತ್ತೆ, ನುಸಿ ಉಳಿಯುತ್ತೆ. ಒಂಬತ್ತು ಸಿಕ್ಕರೆ ತಡಮಾಡಬೇಡಿ.

ಆಮೇಲೆ ರಾಣಿಯನ್ನ ಪಂಜರಕ್ಕೆ ಹಾಕಿ ನಡುವಿನ ಎರಿಯಲ್ಲಿ 24 ದಿನ ಇಡಿ. ಹೊಸ ಮೊಟ್ಟೆ ಬೀಳಲ್ಲ, ಮುಚ್ಚಿದ ಕಣಗಳೆಲ್ಲ ಖಾಲಿಯಾಗುತ್ತೆ. ಗಂಡುಜೇನು ಹೊರಬರೋಕೆ ಅಷ್ಟು ಬೇಕು, ಕೆಲಸಗಾರಕ್ಕೆ 21 ಸಾಕು. ಏಳನೇ ದಿನ ತೆಗೆದು ನೋಡಿ: ರಾಣಿ ಕಣ ಕಟ್ಟಿದ್ರೆ ಒಡೀರಿ, ಇಲ್ಲಾಂದ್ರೆ ಎರಡನೇ ರಾಣಿ ಹುಟ್ಟಿ ಲೆಕ್ಕವೆಲ್ಲ ಕೆಡುತ್ತೆ. ಹೂ ಮುಗಿಯೋ ಹೊತ್ತಿಗೆ ಶುರು ಮಾಡಿ, ಮುಂದಿನ ಬೆಳೆಗೆ ಹುಳು ಕಡಿಮೆ ಆಗಬಾರದು.

ರಾಣಿ ಬಿಡೋ ದಿನ ಸಂಜೆ, ಮೇಲಿನ ಜೇನುಕೋಣೆ ತೆಗೆದು, ಆಕ್ಸಾಲಿಕ್ ಹನಿಸಿ. ಸಮಸಮ ಸಕ್ಕರೆಪಾಕ ಒಂದು ಲೀಟರಿಗೆ 35 ಗ್ರಾಂ ಆಕ್ಸಾಲಿಕ್ ಡೈಹೈಡ್ರೇಟ್ ಹರಳು. ಒಂದು ಕೆ.ಜಿ. ಸಕ್ಕರೆಗೆ ಒಂದು ಲೀಟರ್ ನೀರು ಹಾಕಿದ್ರೆ ಪಾಕ 1.6 ಲೀಟರ್ ಆಗುತ್ತೆ, ಅದಕ್ಕೆ ಪಾಕವನ್ನೇ ಅಳೆದು ತಗೊಳ್ಳಿ. ಸಿರಿಂಜಲ್ಲಿ, ಎರಿಗಳ ನಡುವೆ ಹುಳು ತುಂಬಿದ ಪ್ರತಿ ಸಂದಿಗೆ 5 ಮಿ.ಲೀ., ಪೆಟ್ಟಿಗೆಗೆ 50 ಮೀರಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಹೊಸ ಮರಿ ಕಣ ಮುಚ್ಚೋಕೆ ಇನ್ನೂ ಎಂಟೊಂಬತ್ತು ದಿನ ಇರೋದ್ರಿಂದ ನುಸಿಗೆ ಅಡಗೋ ಜಾಗವೇ ಇರಲ್ಲ. ಪಕ್ಕದ ಹೊಲದವರ ಪೆಟ್ಟಿಗೆಗೂ ಅದೇ ವಾರ ಮಾಡಿಸಿ. ಸೊರಗಿದ ಪೆಟ್ಟಿಗೆಗೆ ಜೇನು ಕದಿಯೋಕೆ ಹೋದ ಹುಳು ನುಸಿ ಹೊತ್ಕೊಂಡೇ ಮನೆಗೆ ಬರುತ್ತೆ.

ತುಡುವೆಗೆ ಮಾತ್ರ ಏನೂ ಹನಿಸಬೇಡಿ. ವರ್ರೋವಾ ಮೂಲದಲ್ಲಿ ಅದರದ್ದೇ ನುಸಿ. ಹೆಚ್ಚಾಗಿ ಗಂಡುಮರಿಯಲ್ಲಷ್ಟೇ ಬೆಳೆಯುತ್ತೆ, ಮೈಮೇಲಿನದನ್ನ ತುಡುವೆಗಳೇ ಒಂದಕ್ಕೊಂದು ಕಿತ್ತು ಎಸೀತವೆ.